ಆಧಾರ್ ಇಲ್ಲದವರಿಗೆ ಉಚಿತ ವಕೀಲರು ಸಿಗ್ತಾರಾ?

ಪ್ರಶ್ನೆ: ಮೇಡಂ, ನಮ್ಮ ಪಕ್ಕದ ಮನೆಯಲ್ಲಿ ಅಫ್ಘಾನಿಸ್ತಾನದ ಹೆಂಗಸೊಬ್ಬರು ಮಕ್ಕಳ ಜೊತೆ ಬಾಡಿಗೆಗಿದ್ದರು. ಈಗ ಮನೆ ಖಾಲಿ ಮಾಡಿದ್ದಾರೆ. ಓನರ್ ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ಕೇಳಿದರೆ ಪೊಲೀಸರಿಗೆ ಹೇಳ್ತೀನಿ ಅಂತ ಹೆದರಿಸ್ತಾರೆ. ಅವರ ಹತ್ತಿರ ಯುಎನ್‌ಎಚ್‌ಸಿಆರ್ ಕಾರ್ಡ್ ಇದೆ, ಆಧಾರ್ ಇಲ್ಲ. ಕಾರ್ಡ್ ರಿನ್ಯೂವಲ್ ಮಾಡಿಸ್ತೀನಿ ಅಂತ ಏಜೆಂಟ್ ಒಬ್ಬ ದುಡ್ಡು ಕೇಳ್ತಿದ್ದಾನೆ. ಏನು ಮಾಡಬೇಕು?
– ಓದುಗರು, ಲಿಂಗರಾಜಪುರ

ಉತ್ತರ: ಮೊದಲು ಆ ಏಜೆಂಟ್‌ಗೆ ಒಂದು ಪೈಸೆಯೂ ಕೊಡಬೇಡಿ ಅಂತ ಅವರಿಗೆ ಹೇಳಿ. ಯುಎನ್‌ಎಚ್‌ಸಿಆರ್ ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ. ಅಲ್ಲಿ ನೋಂದಣಿ, ಕಾರ್ಡ್ ಎಲ್ಲ ಪೂರ್ತಿ ಉಚಿತ. ದುಡ್ಡು ಕೇಳಿದರು ಅಂದರೆ ಅದು ಮೋಸವೇ.

ಅಡ್ವಾನ್ಸ್ ವಿಷಯಕ್ಕೆ ವಕೀಲರು ಖಂಡಿತ ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಉಚಿತ ನೆರವು ಯಾರಿಗೆ ಅಂತ ಬರೆದಿದೆ, ಅಲ್ಲಿ 'ವ್ಯಕ್ತಿ' ಅಂತಿದೆಯೇ ಹೊರತು 'ನಾಗರಿಕ' ಅಂತಿಲ್ಲ. ಹೆಂಗಸರು ಮತ್ತು ಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ. ಹಾಗಾಗಿ ಅರ್ಜಿ ಅವರ ಹೆಸರಲ್ಲೇ ಹಾಕಿಸಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ನೀವೇ ಜೊತೆಗೆ ಹೋಗಿ, ಭಾಷೆಗೆ ಒಂದು ಆಸರೆ ಆಗುತ್ತೆ. ಬಾಡಿಗೆ ಕರಾರು ಪತ್ರ, ಅಡ್ವಾನ್ಸ್ ಕಳಿಸಿದ ಬ್ಯಾಂಕ್ ವಿವರ, ಓನರ್ ಕಳಿಸಿದ ವಾಟ್ಸಾಪ್ ಮೆಸೇಜ್‌ಗಳ ಪ್ರಿಂಟ್ ಇಟ್ಟುಕೊಳ್ಳಿ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಲು ಅವಕಾಶವಿದೆ, ನನಗೆ ಅದೇ ಒಳ್ಳೆಯ ದಾರಿ ಅನಿಸುತ್ತೆ.

ಒಂದು ವಿಷಯ ಮಾತ್ರ ಮುಚ್ಚಿಡಬಾರದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. ಆ ಕಾರ್ಡ್ ವೀಸಾ ಅಲ್ಲ. ವೀಸಾ ಅವಧಿ ಮುಗಿದಿದ್ದರೆ ಅದನ್ನೂ ವಕೀಲರಿಗೆ ಮೊದಲೇ ಹೇಳಲಿ. ಆದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸಂವಿಧಾನದ 21ನೇ ವಿಧಿ ಕೊಡುವ ರಕ್ಷಣೆ ಈ ನೆಲದಲ್ಲಿರುವ ಪ್ರತಿಯೊಬ್ಬರಿಗೂ ಇದೆ, ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಪೊಲೀಸರ ಹೆಸರು ಹೇಳಿ ಹೆದರಿಸಿ ಒಂಟಿ ಹೆಂಗಸಿನ ದುಡ್ಡು ನುಂಗುವುದು ಅನ್ಯಾಯ, ಅದಕ್ಕೆ ಸುಮ್ನೆ ಇರಬಾರದು ಅಲ್ವಾ?

ಪ್ರಶ್ನೆ: ನನ್ನ ಪಿಜಿ ಗೆಳತಿ ಮಣಿಪುರದವಳು. 2023ರ ಗಲಭೆಯಲ್ಲಿ ಅವರ ಮನೆ ಸುಟ್ಟುಹೋಯಿತು. ಇಲ್ಲಿಂದಲೇ ದೂರು ಕೊಡಬಹುದಾ?
– ಓದುಗರು, ಕಮ್ಮನಹಳ್ಳಿ

ಉತ್ತರ: ಕೊಡಬಹುದು. ಘಟನೆ ಎಲ್ಲೇ ನಡೆದಿರಲಿ, ಬೆಂಗಳೂರಿನ ಠಾಣೆಯಲ್ಲೂ ಝೀರೋ ಎಫ್‌ಐಆರ್ ದಾಖಲಿಸಬಹುದು, ಅದು ನಂತರ ಅಲ್ಲಿನ ಠಾಣೆಗೆ ಹೋಗುತ್ತೆ. ಅಲ್ಲಿ ಆಗಲೇ ದೂರು ಕೊಟ್ಟಿದ್ದರೆ ಅದರ ನಂಬರ್ ಮೊದಲು ತರಿಸಿಕೊಳ್ಳಿ. ಜನಾಂಗೀಯ ಹಿಂಸೆಗೆ ಸಿಕ್ಕವರು ಅಂತ ಮೇಲೆ ಹೇಳಿದ 12ನೇ ಕಲಂನಲ್ಲೇ ಇದೆ, ಉಚಿತ ವಕೀಲರು ಅವಳ ಹಕ್ಕು. ಮನೆಯ ಜೊತೆ ಅಂಕಪಟ್ಟಿಯೂ ಸುಟ್ಟುಹೋಗಿದ್ದರೆ, ಅದು ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಇದೆಯಾ ಅಂತಲೂ ಇವತ್ತೇ ನೋಡಿ.