ಘಾಟಿ ರಸ್ತೆಗೆ ಆಟೋಮ್ಯಾಟಿಕ್ ಗಾಡಿ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸಾರ್. ನಮ್ದು ವಿರಾಜಪೇಟೆ ಹತ್ರ ಕಾಫಿ ತೋಟ, ಮನೇಲಿ ಏಳು ಜನ. ಅಪ್ಪನಿಗೆ ಮಂಡಿನೋವು, ಎರಡು ತಿಂಗಳಿಗೊಮ್ಮೆ ಮಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಜೀಪು ತೋಟದ ಕೆಲಸಕ್ಕೆ ಇರ್ಲಿ, ಮನೆಯವರಿಗೆ ಅಂತ ಮೂರು ಸಾಲು ಸೀಟಿನ ಗಾಡಿ ತಗೋಳೋಣ ಅಂತಿದ್ದೀವಿ. ಮಕ್ಕಳನ್ನ ಸ್ಕೂಲಿಗೆ ಬಿಡೋದ್ರಿಂದ ಹಿಡಿದು ದಿನಾ ಓಡಿಸೋದು ನನ್ನ ಹೆಂಡ್ತಿ, ಅವಳಿಗೆ ಆಟೋಮ್ಯಾಟಿಕ್ಕೇ ಬೇಕು. ಅಪ್ಪ, ಚಿಕ್ಕಪ್ಪ ಮಾತ್ರ ಸಂಪಾಜೆ ಘಾಟಿ ಇಳಿಯುವಾಗ ಆಟೋಮ್ಯಾಟಿಕ್ ಹಿಡಿತಕ್ಕೆ ಸಿಗಲ್ಲ ಅಂತ ಪಟ್ಟು ಹಿಡಿದಿದ್ದಾರೆ. ಎರ್ಟಿಗಾ, ಕ್ಯಾರೆನ್ಸ್, ಇನ್ನೋವಾ ನೋಡಿದ್ದೀವಿ. ಯಾವುದು ತಗೋಳ್ಲಿ?

ಉತ್ತರ: ಮೊದಲು ಒಂದು ಮಾತು, ದಿನಾ ಸ್ಟೇರಿಂಗ್ ಹಿಡಿಯೋದು ನಿಮ್ಮ ಮನೆಯವರು, ಹಾಗಾಗಿ ಅವರ ಮಾತಿಗೇ ಜಾಸ್ತಿ ಬೆಲೆ ಕೊಡಿ. ಆದ್ರೆ ನಿಮ್ಮ ತಂದೆಯವರ ಭಯಾನೂ ಸುಮ್ಮನೆ ಬಂದಿದ್ದಲ್ಲ. ಮಡಿಕೇರಿ ಇರೋದು ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ 1,150 ಮೀಟರ್ ಎತ್ತರದಲ್ಲಿ, ಅಲ್ಲಿಂದ ಸಂಪಾಜೆ ಕಡೆಗೆ ತಿರುವಿನ ಮೇಲೆ ತಿರುವು ಇಳೀತಾ ಹೋಗ್ಬೇಕು, ಏಳು ಜನರ ಭಾರ ಇಟ್ಕೊಂಡು ಬರೀ ಬ್ರೇಕ್ ಮೇಲೆ ಇಳಿದ್ರೆ ಯಾವ ಗಾಡಿಯಾದ್ರೂ ಕೈಕೊಡುತ್ತೆ.

ನನಗೆ ಅದು ಗೊತ್ತಾಗಿದ್ದು ಮ್ಯಾನುವಲ್ ಗಾಡೀಲೇ. ಸುಮಾರು ವರ್ಷದ ಹಿಂದೆ, ಮಳೆಗಾಲ, ಮಂಜು, ಮನೆಯವರೆಲ್ಲಾ ಗಾಡೀಲಿ, ನಾನು ನಾಲ್ಕನೇ ಗೇರಲ್ಲೇ ಬ್ರೇಕ್ ಒತ್ಕೊಂಡು ಇಳೀತಾ ಇದ್ದೆ. ಮೊದಲು ಸುಟ್ಟ ವಾಸನೆ ಬಂತು, ಮುಂದಿನ ಲಾರಿದು ಅಂದ್ಕೊಂಡೆ, ಇನ್ನೆರಡು ತಿರುವು ದಾಟೋದ್ರೊಳಗೆ ಪೆಡಲ್ ಕಾಲಡಿ ಸ್ಪಂಜ್ ತರ ಮೆತ್ತಗಾಯ್ತು, ಎರಡನೇ ಗೇರಿಗೆ ಎಳೆದು ಹ್ಯಾಂಡ್ ಬ್ರೇಕ್ ಹಾಕಿ ಗುಡ್ಡದ ಬರೆ ಕಡೆಗೆ ನಿಲ್ಲಿಸಿದೆ. ಚಕ್ರದ ಮೇಲೆ ಬಿದ್ದ ಮಳೆಹನಿ ಚುಂಯ್ ಅಂತಿತ್ತು. ಆವತ್ತು ನಮ್ಮನ್ನ ಕಾಪಾಡಿದ್ದು ಎರಡನೇ ಗೇರು, ಕಮ್ಮಿ ಗೇರಲ್ಲಿ ಇಂಜಿನ್ನೇ ಗಾಡಿನ ಹಿಡಿದು ನಿಧಾನ ಮಾಡುತ್ತೆ. ಹಳೇ ಡ್ರೈವರುಗಳು ಹೇಳ್ತಾರಲ್ಲ, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಅಂತ, ಅದು ಆಟೋಮ್ಯಾಟಿಕ್ಕಿಗೂ ಹಾಗೇ ಅನ್ವಯ ಆಗುತ್ತೆ.

ಹಾಗಾಗಿ ನೋಡ್ಬೇಕಾಗಿದ್ದು ಯಾವ ತರದ ಆಟೋಮ್ಯಾಟಿಕ್ ಅಂತ. ಟಾರ್ಕ್ ಕನ್ವರ್ಟರ್ ಅಂದ್ರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಎಣ್ಣೆಯ ಮೂಲಕ ಶಕ್ತಿ ಹೋಗೋದು, ಅಲ್ಲಿ ಸವೆಯೋಕೆ ಮಾಮೂಲಿ ಕ್ಲಚ್ ಪ್ಲೇಟ್ ಇಲ್ಲ, ಏರಲ್ಲಿ ನಿಂತು ನಿಂತು ಹೋದ್ರೂ ತಡ್ಕೊಳುತ್ತೆ, ಇಳಿವಾಗ ಮ್ಯಾನುವಲ್ ಮೋಡಿಗೆ ಹಾಕಿ ಎರಡನೇ ಗೇರಲ್ಲೇ ಇಟ್ಕೋಬಹುದು. ಎರ್ಟಿಗಾಗೆ 2022ರಿಂದ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಬಂದಿದೆ, ಕ್ಯಾರೆನ್ಸ್ ಡೀಸೆಲ್ ಆಟೋಮ್ಯಾಟಿಕ್ಕೂ ಅದೇ ಜಾತಿ. ಕ್ಯಾರೆನ್ಸ್ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋದು) ಪೆಟ್ರೋಲ್‌ಗೆ ಇರೋದು 7 ಸ್ಪೀಡ್ ಡಿಸಿಟಿ, ಒಳಗೆ ಎರಡು ಕ್ಲಚ್, ಓಡ್ತಾ ಇದ್ರೆ ಬೆಣ್ಣೆ ತರ, ಆದ್ರೆ ವೀಕೆಂಡಲ್ಲಿ ಟೂರಿಸ್ಟ್ ಗಾಡಿಗಳ ಹಿಂದೆ ಮಡಿಕೇರಿ ಏರಲ್ಲಿ ತೆವಳೋ ಪರಿಸ್ಥಿತಿ ಬಂದ್ರೆ ಕ್ಲಚ್ ಬಿಸಿಯಾಗುತ್ತೆ, ನಿಮ್ಮ ಊರಿಗೆ ನಾನು ಅದನ್ನ ಹೇಳಲ್ಲ.

ಎರ್ಟಿಗಾ ಪೆಟ್ರೋಲ್ 1.5 ಲೀಟರ್, ಟರ್ಬೊ ಇಲ್ಲ, 137 ಎನ್‌ಎಂ ಆಸುಪಾಸು ಟಾರ್ಕ್, ಅಂದ್ರೆ ಎಳೆಯೋ ಬಲ. ನಮ್ಮ ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಇಂಜಿನ್ನಿಗೆ ಹತ್ತು ಪರ್ಸೆಂಟ್ ಹತ್ರ ಶಕ್ತಿ ಅಲ್ಲೇ ಹೋಯ್ತು, ಏಳು ಜನ ಕೂತು ಎಸಿ ಹಾಕಿದ್ರೆ ವಾಪಸ್ ಹತ್ತುವಾಗ ಕೂಗ್ಕೊಂಡು ಹತ್ತುತ್ತೆ. ಕ್ಯಾರೆನ್ಸ್ ಡೀಸೆಲ್ 250 ಎನ್‌ಎಂ, ಆ ವ್ಯತ್ಯಾಸ ಪೆರುಂಬಾಡಿ ಮಾಕುಟ್ಟ ಘಾಟಿ ಕಡೆ ಹೋದ್ರೂ ಗೊತ್ತಾಗುತ್ತೆ. ನನ್ನ ಓಟು ಕ್ಯಾರೆನ್ಸ್ ಡೀಸೆಲ್ ಆಟೋಮ್ಯಾಟಿಕ್ಕಿಗೆ. ಒಂದು ಎಚ್ಚರಿಕೆ, ಬಿಎಸ್6 (ಹೊಗೆ ನಿಯಮ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ, ಬರೀ ಸ್ಕೂಲು ಮನೆ ಅಂತ ನಾಲ್ಕು ನಾಲ್ಕು ಕಿಲೋಮೀಟರ್ ಓಡಿಸಿದ್ರೆ ಅದು ಕಟ್ಕೊಳುತ್ತೆ, ವಾರಕ್ಕೊಂದು ಸಲ ಗೋಣಿಕೊಪ್ಪ ದಾಟಿ ಹುಣಸೂರು ಕಡೆ ಅರ್ಧ ಗಂಟೆ ಒಂದೇ ಸಮ ಓಡಿಸ್ಕೊಂಡು ಬನ್ನಿ. ಅದು ಆಗಲ್ಲ ಅನ್ನೋದಾದ್ರೆ ಎರ್ಟಿಗಾನೇ ತಗೊಳ್ಳಿ, ನಿಧಾನ ಹತ್ತುತ್ತೆ ಅಷ್ಟೇ.

ಇನ್ನೋವಾ ಕ್ರಿಸ್ಟಾ ಒಳ್ಳೇ ಗಾಡಿ, ಹಿಂದಿನ ಚಕ್ರ ತಳ್ಳೋದ್ರಿಂದ ಹಿಂದೆ ಭಾರ ಇದ್ದಷ್ಟೂ ಹಿಡಿತ ಜಾಸ್ತಿ, ಆದ್ರೆ 2023ರಲ್ಲಿ ಮತ್ತೆ ಬಂದಾಗ ಡೀಸೆಲ್ ಮ್ಯಾನುವಲ್ ಒಂದೇ ಬಂತು, ಆಟೋಮ್ಯಾಟಿಕ್ ಬೇಕು ಅಂದ್ರೆ ಹಳೇದೇ ಹುಡುಕ್ಬೇಕು. ಎರ್ಟಿಗಾ, ಕ್ಯಾರೆನ್ಸ್ ಎರಡೂ ಮುಂದಿನ ಚಕ್ರ ಎಳೆಯೋ ಗಾಡಿ, ಕೊನೇ ಸಾಲಲ್ಲಿ ಜನ ಕೂತ್ರೆ ಮೂತಿ ಹಗುರ ಆಗಿ ಕೆಸರಿನ ಏರಲ್ಲಿ ಚಕ್ರ ಸುಮ್ಮನೆ ಸುತ್ತುತ್ತೆ. ಹಾಗಾಗಿ ಶೋರೂಮಿನವರಿಗೆ ಹೇಳಿ ಟೆಸ್ಟ್ ಡ್ರೈವ್ ಗಾಡಿನ ನಿಮ್ಮ ತೋಟದ ದಾರಿಗೇ ತರಿಸಿ, ಎಲ್ರನ್ನೂ ಕೂರಿಸಿ, ಗೇಟಿಂದ ಕಣದ ತನಕ ನಿಮ್ಮ ಮನೆಯವರೇ ಹತ್ತಿಸಲಿ, ಮಧ್ಯೆ ನಿಲ್ಲಿಸಿ ಮತ್ತೆ ಎತ್ತಲಿ. ಅಪ್ಪನೂ ಜೊತೇಲಿ ಕೂರ್ಲಿ, ಹತ್ತೋದು ಇಳಿಯೋದು ಮಂಡಿಗೆ ಸುಲಭನಾ ಅಂತ ಅವರೇ ನೋಡ್ಲಿ.

ಪ್ರಶ್ನೆ: ಸೋಮವಾರಪೇಟೆ ಕಡೆಯವಳು ಸಾರ್. ಹೋದ ವರ್ಷ ಎಎಂಟಿ ಗಾಡಿ ತಗೊಂಡ್ವಿ. ಏರಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ರೆ ಹಿಂದಕ್ಕೆ ಜಾರುತ್ತೆ. ಕೆಟ್ಟಿದ್ಯಾ?

ಉತ್ತರ: ಕೆಟ್ಟಿಲ್ಲಮ್ಮ. ಎಎಂಟಿ ಅಂದ್ರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು, ಗೇರ್ ಬದಲಿಸೋದು ಎರಡನ್ನೂ ಮೆಷಿನ್ ಮಾಡುತ್ತೆ, ಅದು ಕ್ಲಚ್ ಹಿಡ್ಕೊಳೋಕೆ ಒಂದು ಕ್ಷಣ ತಗೊಳುತ್ತೆ, ಅಷ್ಟರಲ್ಲಿ ಜಾರುತ್ತೆ. ಹ್ಯಾಂಡ್ ಬ್ರೇಕ್ ಹಾಕಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಗಾಡಿ ಮುಂದಕ್ಕೆ ಎಳೀತಿದೆ ಅನ್ನಿಸಿದಾಗ ಬಿಡಿ. ಏರಲ್ಲಿ ಆಕ್ಸಿಲರೇಟರ್ ಒತ್ಕೊಂಡೇ ಗಾಡಿ ನಿಲ್ಲಿಸ್ಕೊಳೋದು ಮಾತ್ರ ಬೇಡ, ಕ್ಲಚ್ ಸುಟ್ಟು ಹೋಗುತ್ತೆ.