ಬೆರಗು ಯಾಕ ಹುಟ್ಟವಲ್ದು?

ಪ್ರಶ್ನೆ: ಪ್ರತಿ ರವಿವಾರ ಐದಾರು ಮಂದಿ ಕೂಡಿ ತತ್ತ್ವಶಾಸ್ತ್ರ ಓದುತ್ತೇವೆ. ಜಿಜ್ಞಾಸೆಗೆ ಬೆರಗೇ ಮೂಲ ಎಂದು ಪ್ಲೇಟೋ, ಅರಿಸ್ಟಾಟಲ್ ಇಬ್ಬರೂ ಹೇಳಿದ್ದಾರಂತೆ. ನಮಗೋ ಏನು ಓದಿದರೂ ‘ಗೊತ್ತಿದ್ದದ್ದೇ’ ಅನಿಸುತ್ತದೆ. ಏನು ಮಾಡಬೇಕ್ರಿ?
— ಓದುಗರೊಬ್ಬರು, ಸಾಧನಕೇರಿ, ಧಾರವಾಡ

ಉತ್ತರ: ಓದುವ ಮೊದಲೇ ನಿಮ್ಮ ನಿಮ್ಮ ಊಹೆ ಬರೆದಿಡಿ. ಪುಟ ತಿರುವಿದ ಮೇಲೆ ಎಲ್ಲರಿಗೂ ‘ನಾನೂ ಹಾಗೇ ಅಂದುಕೊಂಡಿದ್ದೆ’ ಅನಿಸುತ್ತದೆ. ನೆನಪು ಯಾವಾಗಲೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುವುದು. ಚೀಟಿಯಲ್ಲಿದ್ದದ್ದು ಹಾಗೆ ಜಾರಿಕೊಳ್ಳದು.

ಅರಿಸ್ಟಾಟಲನ ಉದಾಹರಣೆಯನ್ನೇ ತಗೊಳ್ಳಿ. ಚೌಕದ ಬಾಹು, ಕರ್ಣ ಎರಡನ್ನೂ ಒಂದೇ ಅಳತೆಕೋಲಿನಿಂದ, ಅದೆಷ್ಟೇ ಸಣ್ಣದಿರಲಿ, ಚೂರೂ ಉಳಿಯದಂತೆ ಅಳೆಯಬಹುದೇ? ‘ಹೌದು’ ಇಲ್ಲವೇ ‘ಇಲ್ಲ’ ಎಂದು ಬರೆದು, ಕಾರಣ ಒಂದು ಸಾಲು ಸೇರಿಸಿ, ಮಡಚಿ ಚಹಾದ ಕಪ್ಪಿನ ಕೆಳಗಿಡಿ. ಆಮೇಲೆ ಬಾಹು 12 ಇಂಚಿನ ಚೌಕ ಎಳೆದು ಕರ್ಣ ಅಳೆಯಿರಿ. ಟೇಪು 17 ತೋರಿಸುತ್ತದೆ. ಹೆಚ್ಚಿನವರು ಇಲ್ಲೇ ಟೇಪು ಸುತ್ತಿಡುವುದು! ಲೆಕ್ಕ ಹಾಕಿ. ಕರ್ಣದ ವರ್ಗ ಬಾಹುವಿನ ವರ್ಗದ ಇಮ್ಮಡಿ ಇರಬೇಕು: 12ರ ವರ್ಗದ ಇಮ್ಮಡಿ 288, 17ರ ವರ್ಗ 289. ಒಂದು ಹೆಚ್ಚು. ಬಾಹು 29, ಕರ್ಣ 41 ಹಿಡಿದರೆ 1682, 1681. ಒಂದು ಕಡಿಮೆ. ಕೂಡಿಯೇ ಕೂಡುತ್ತದೆ ಎನ್ನುವುದಾದರೆ ಬಾಹು, ಕರ್ಣ ಎರಡರ ಸಂಖ್ಯೆಯೂ ಸಮಸಂಖ್ಯೆಯಾಗಲೇಬೇಕು. ಅರ್ಧ ಮಾಡಿದರೆ ಮತ್ತೆ ಸಮ, ಅದರರ್ಧವೂ ಸಮ. ಪೂರ್ಣಸಂಖ್ಯೆಯನ್ನು ಹಾಗೆ ಕೊನೆಯಿಲ್ಲದೆ ಅರ್ಧಿಸಲು ಬರುವುದಿಲ್ಲ. ಅಂದಮೇಲೆ ಅಂಥ ಅಳತೆಕೋಲೇ ಇಲ್ಲ.

ಈಗ ಚೀಟಿ ಬಿಚ್ಚಿ. ‘ಹೌದು’ ಎಂದವರ ಕಾರಣ ಬಹುಪಾಲು ‘ಕೋಲು ಸಣ್ಣದಾದರೆ ಎಲ್ಲೋ ಒಂದು ಕಡೆ ಕೂಡಲೇಬೇಕು’ ಎಂದಿರುತ್ತದೆ. ಮುರಿದುಬಿದ್ದದ್ದು ಆ ‘ಲೇಬೇಕು’. ಚರ್ಚೆ ಅದರ ಮೇಲೆ ನಡೆಯಲಿ.

ಇನ್ನೊಂದು ಎಡವಟ್ಟು, ಅಚ್ಚರಿಯಾದ ತಕ್ಷಣ ಹೊಳೆದದ್ದನ್ನೇ ಸಿದ್ಧಾಂತ ಮಾಡುವುದು. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರ ಉದಾಹರಣೆಯ ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಾನೆ. ಇದನ್ನವರು ಅರ್ಥಾಪತ್ತಿ ಎಂಬ ಪ್ರಮಾಣ, ಎಂದರೆ ಖಚಿತ ಜ್ಞಾನದ ದಾರಿ, ಎಂದೇ ಎಣಿಸಿದರು. ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ 1903ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಇಂಥ ತರ್ಕಕ್ಕೆ ಅಷ್ಟು ಸಲಿಗೆ ಕೊಡಲಿಲ್ಲ: ವಿವರಣೆ ನಿಜವಿರಬಹುದೆಂದು ಶಂಕಿಸಲು ಕಾರಣ ಸಿಕ್ಕಿತು, ಅಷ್ಟೇ. ನಮ್ಮ ಒಲವು ಪರ್ಸ್ ಕಡೆಗೆ. ದೇವದತ್ತನಿಗೆ ಮೈಯೆಲ್ಲ ಬಾವು ಬಂದಿರಲೂಬಹುದಲ್ಲ! ಒಂದು ಅಚ್ಚರಿಗೆ ಮೂರಾದರೂ ವಿವರಣೆ ಬರೆಸಿ.

ಪ್ರಶ್ನೆ: ಎಲ್ಲ ತಿಳಿದ ಮೇಲೆ ಬೆರಗು ಬತ್ತಿಹೋಗುವುದಿಲ್ಲವೇ?
— ಓದುಗರೊಬ್ಬರು, ಗದಗ

ಉತ್ತರ: ಅರಿಸ್ಟಾಟಲ್ ಅದಕ್ಕೂ ಅದೇ ಚೌಕ ತೋರಿಸುತ್ತಾನೆ. ರೇಖಾಗಣಿತ ಬಲ್ಲವನು ಬೆರಗಾಗುವುದು ಕರ್ಣ ಅಳತೆಗೆ ಸಿಕ್ಕಿಬಿಟ್ಟರೆ.