ಮಧ್ಯಂತರದೊಳಗೇ ಕೊಲೆಗಾರನನ್ನು ಹಿಡಿದುಬಿಡುವವರು ಯಾವ ಚಿತ್ರ ನೋಡಬೇಕು?

ಯಾವ ಥ್ರಿಲ್ಲರ್ ಹಾಕಿದರೂ ಮಧ್ಯಂತರಕ್ಕೆ ಮೊದಲೇ ಕೊಲೆಗಾರ ಯಾರೆಂದು ಗೊತ್ತಾಗಿಬಿಡುತ್ತದೆ, ನನ್ನ ಲೆಕ್ಕ ತಪ್ಪಿಸುವ ಚಿತ್ರ ಒಂದಾದರೂ ಇದೆಯೇ ಎಂದು ಕೇಳಿದ್ದೀರಿ. ಇದೆ. ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 1960ರ ‘ಸೈಕೋ’. ಹಳೆಯ ಹೆಸರು ಹೇಳಿದನೆಂದು ಮೂಗು ಮುರಿಯಬೇಡಿ. ಇದರ ಕೊನೆಯ ಗುಟ್ಟನ್ನು ನೀವು ಊಹಿಸಿಯೂಬಿಡಬಹುದು. ಆಮೇಲೆ ಬಂದ ಎಷ್ಟೋ ಚಿತ್ರಗಳು ಅದನ್ನು ಎರವಲು ಪಡೆದು ಸವೆಸಿವೆ. ನಿಮ್ಮ ಲೆಕ್ಕ ತಪ್ಪುವುದು ಕೊನೆಯಲ್ಲಲ್ಲ, ನಡುವಿನಲ್ಲಿ. ಅದನ್ನು ಹೇಳಬೇಕೆಂದರೆ ಅರ್ಧ ಕಥೆ ಬಿಚ್ಚಲೇಬೇಕು. ನೋಡಿಯೇ ತಿಳಿಯುತ್ತೇನೆ ಎನ್ನುವವರಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ.

ಪಾಂಡವಪುರದ ನಮ್ಮ ಸೋದರತ್ತೆ ಕಣ್ಣು ತೋರಿಸಲೆಂದು ಮೈಸೂರಿಗೆ ಬಂದವರು ಸರಸ್ವತಿಪುರಂನ ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದರು. ಇಂಗ್ಲಿಷ್ ಬಾರದು, ಸಿನಿಮಾ ಹುಚ್ಚು ಮಾತ್ರ ನನಗಿಂತ ಒಂದು ಕೈ ಮೇಲು. 1989ರಲ್ಲಿ ಸುನಿಲ್ ಕುಮಾರ್ ದೇಸಾಯಿಯವರ ‘ತರ್ಕ’ಕ್ಕೆ ಹೋಗಿ, ಒಂದೂ ಹಾಡಿಲ್ಲದ ಚಿತ್ರಕ್ಕೆ ಪೂರಾ ದುಡ್ಡು ಏಕೆ ಕೊಡಬೇಕೆಂದು ಗೊಣಗಿದವರು; ಆದರೂ ಎರಡನೆಯ ಸಲ ನೋಡಿದವರು. ಒಂದು ರಾತ್ರಿ ‘ಸೈಕೋ’ ಹಾಕಿ, ಮಾತುಗಳನ್ನು ಕನ್ನಡದಲ್ಲಿ ಒಪ್ಪಿಸುತ್ತಾ ಅವರ ಪಕ್ಕದಲ್ಲಿ ಕುಳಿತೆ.

ಕಚೇರಿಯೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಬ್ಯಾಂಕಿಗೆ ಕಟ್ಟಬೇಕಿದ್ದ 40,000 ಡಾಲರ್ ಎತ್ತಿಕೊಂಡು ಊರು ಬಿಡುತ್ತಾಳೆ. ಜಾನೆಟ್ ಲೀ ಆ ಪಾತ್ರದಲ್ಲಿದ್ದಾರೆ. ಕದ್ದವಳಾದರೂ ಅತ್ತೆ ಆಗಲೇ ಅವಳ ಕಡೆ. ಮಳೆಯ ರಾತ್ರಿ ದಾರಿ ತಪ್ಪಿ ಒಂದು ಮೋಟೆಲ್ ಸೇರುತ್ತಾಳೆ. ಅಲ್ಲಿನ ಹುಡುಗ ನಾಚಿಕೆಯವನು. ಹಾಲು, ಸ್ಯಾಂಡ್‌ವಿಚ್ ತಂದುಕೊಟ್ಟು ತನ್ನ ತಾಯಿಯ ಕಷ್ಟ ಹೇಳಿಕೊಳ್ಳುತ್ತಾನೆ. ಅವನೊಡನೆ ಮಾತನಾಡುತ್ತಲೇ ಇವಳ ಮನಸ್ಸು ತಿರುಗುತ್ತದೆ. ಕೋಣೆಗೆ ಹೋಗಿ, ದಾರಿಯಲ್ಲಿ ಕಾರು ಬದಲಿಸಲು ಕೊಟ್ಟ 700 ಡಾಲರ್ ಕಳೆದು ಎಷ್ಟು ಉಳಿಯಿತೆಂದು ಚೀಟಿಯಲ್ಲಿ ಲೆಕ್ಕ ಬರೆಯುತ್ತಾಳೆ. “ಲೆಕ್ಕ ಬರೆದಳು ಅಂದರೆ ಹಿಂದಕ್ಕೆ ಕೊಡುತ್ತಾಳೆ ಬಿಡು” ಎಂದು ಅತ್ತೆ ಸಮಾಧಾನದಿಂದ ಎದ್ದು, ಒಲೆಯ ಮೇಲಿಟ್ಟಿದ್ದ ಹಾಲು ನೋಡಲು ಅಡುಗೆಮನೆಗೆ ಹೋದರು.

ಅಷ್ಟರಲ್ಲಿ ಆ ಸ್ನಾನದ ದೃಶ್ಯ ಬಂದು ಹೋಯಿತು. ಚಿತ್ರೀಕರಣಕ್ಕೆ ಒಂದು ವಾರ ಹಿಡಿದ, ಪರದೆಯ ಮೇಲೆ ನಿಮಿಷವೂ ಇರದ ಕೊಲೆ. ರಕ್ತವೆಂದು ಹರಿಯುವುದು ಚಾಕೊಲೇಟ್ ಪಾಕ. ಚಿತ್ರ ಕಪ್ಪು-ಬಿಳುಪಾದ್ದರಿಂದ ನಡೆಯಿತು. ನೂರೊಂಬತ್ತು ನಿಮಿಷದ ಚಿತ್ರದಲ್ಲಿ ಅರ್ಧವೂ ಮುಗಿಯುವ ಮೊದಲೇ ನಾಯಕಿ ಇಲ್ಲ.

ಎರಡು ಲೋಟ ಹಾಲು ಹಿಡಿದು ಅತ್ತೆ ಬಂದಾಗ ಆ ಹುಡುಗ ಬಚ್ಚಲು ಒರೆಸುತ್ತಿದ್ದ. ಮಾತಿಲ್ಲ, ಅವಸರವಿಲ್ಲ, ಟಬ್ಬು, ಗೋಡೆ, ನೆಲ ಎಲ್ಲವನ್ನೂ ತೊಳೆದು ಒರೆಸುತ್ತಾನೆ. “ಎಷ್ಟು ಒಪ್ಪವಾಗಿ ಒರೆಸುತ್ತಾನೆ ನೋಡು, ನೀನೂ ಇದ್ದೀಯ” ಎಂದರು. ಆ ಹುಡುಗಿ ಸತ್ತಳು ಅತ್ತೆ ಎಂದೆ. “ಸುಮ್ಮನಿರೋ, ಹೀರೋಯಿನ್ ಎಲ್ಲಾದರೂ ಇಷ್ಟು ಬೇಗ ಸಾಯುತ್ತಾಳೆಯೇ?” ಆಮೇಲೆ ಅವಳ ತಂಗಿ ಬಂದಾಗ “ಅಗೋ ಬಂದಳಲ್ಲ!” ಎಂದು ನನ್ನ ತೊಡೆಗೆ ಬಾರಿಸಿದರು.

ಬಿಡುಗಡೆಯಾದಾಗ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕ್ ಕಟ್ಟುಪಾಡು ಹಾಕಿದ್ದು ಇದಕ್ಕೇ. ತಡವಾಗಿ ಬಂದವನು ಸತ್ತುಹೋದ ತಾರೆಗಾಗಿ ಕೊನೆಯವರೆಗೂ ಕಾಯುತ್ತಾನಲ್ಲ! ಹೆಸರು ಬರುವಷ್ಟರಲ್ಲಿ ಒಳಗೆ ಹೋದರಾಯಿತೆಂದು ಖಾರಾಪುರಿ ಕಟ್ಟಿಸಿಕೊಂಡು ನಿಲ್ಲುವ ನಮ್ಮಂಥವರನ್ನು ಯಾವ ಕಾವಲುಗಾರ ತಡೆದಾನು, ಅದು ಬೇರೆ ಮಾತು.

ನಾನು ಹೇಳಬೇಕೆಂದಿದ್ದ ಜಾಗ ಬಚ್ಚಲು ಒರೆಸಿದ ಮೇಲೆ, ತಂಗಿ ಬರುವ ಮೊದಲು ಬರುತ್ತದೆ. ಹುಡುಗ ಹೆಣವನ್ನೂ ಸಾಮಾನನ್ನೂ ಅವಳ ಕಾರಿಗೇ ತುಂಬುತ್ತಾನೆ. ಪತ್ರಿಕೆಯಲ್ಲಿ ಸುತ್ತಿದ್ದ ಹಣದ ಗಂಟನ್ನು ಏನೆಂದು ನೋಡದೆ ಡಿಕ್ಕಿಗೆ ಎಸೆಯುತ್ತಾನೆ. “ಅಯ್ಯೋ, ದುಡ್ಡು ಕಣೋ!” ಎಂದು ಅತ್ತೆ ಕೂಗಿದರು. ಕಾರನ್ನು ಜೌಗಿನೊಳಕ್ಕೆ ತಳ್ಳುತ್ತಾನೆ. ಅದು ಗುಳುಗುಳು ಎನ್ನುತ್ತಾ ಇಳಿಯುತ್ತದೆ, ಇಳಿಯುತ್ತದೆ, ಇನ್ನೇನು ಮುಗಿಯಿತು ಎನ್ನುವಾಗ ನಿಂತುಬಿಡುತ್ತದೆ. ಹುಡುಗ ಅತ್ತಿತ್ತ ನೋಡುತ್ತಾನೆ. ವಿಶ್ವೇಶ್ವರಯ್ಯ ನಾಲೆಯ ದಂಡೆಯ ಊರಿನಲ್ಲಿ ಬಾಳಿದ ಅತ್ತೆ, ನೀರಿಗೆ ಬಿದ್ದ ಗಾಡಿಯೆಂದರೆ ಕೈಮುಗಿಯುವವರು, ಲೋಟ ಹಿಡಿದ ಕೈಯನ್ನೇ ಮುಂದೆ ಚಾಚಿ “ಮುಳುಗು, ಮುಳುಗು” ಎನ್ನುತ್ತಿದ್ದರು. ನಾನು ಬಾಯಿ ಬಿಡಲಿಲ್ಲ, ಅಷ್ಟೇ. ಐದನೆಯ ಸಲ ನೋಡುತ್ತಿದ್ದರೂ ನನ್ನ ಉಸಿರೂ ಅಲ್ಲೇ ಸಿಕ್ಕಿಕೊಂಡಿತ್ತು. ಹತ್ತು ನಿಮಿಷದ ಹಿಂದೆ ಸತ್ತವಳ ಪರ ಇದ್ದ ನಾವಿಬ್ಬರೂ ಅವಳ ಗುರುತು ಅಳಿಸುವವನ ಪರ ನಿಂತಿದ್ದೆವು. ಕೊಲೆಗಾರ ಯಾರೆಂದು ಹುಡುಕುವ ನಿಮ್ಮ ಜಾಣತನ ಇಲ್ಲಿ ಕೆಲಸಕ್ಕೆ ಬಾರದು. ಹಣ ಏನಾಗುತ್ತದೋ ಎಂದು ಕಾಯಿಸಿ, ಆ ಹಣವನ್ನೇ ಕೆಸರಿಗೆ ಹಾಕುವ ನಿರ್ದೇಶಕನೆದುರು ಯಾವ ಲೆಕ್ಕ ಹಾಕುತ್ತೀರಿ?

ಮುಂದಿನ ಪತ್ತೇದಾರಿಯನ್ನು ನೀವೇ ನೋಡಿ. ಕೊನೆಗೆ ಬರುವ ಮನೋವೈದ್ಯರ ಉದ್ದನೆಯ ವಿವರಣೆ ನನಗೆ ಬೇಡವೆನಿಸಿತು. ಅನುವಾದಿಸುತ್ತಿದ್ದ ನಾನೇ ಅರ್ಧ ನುಂಗಿದೆ, ಅತ್ತೆ ತೂಕಡಿಸಿದರು. ಆದರೆ ಚಿತ್ರ ಮುಗಿಯುವುದು ಆ ಕಾರನ್ನು ಸರಪಳಿ ಕಟ್ಟಿ ಜೌಗಿನಿಂದ ಎಳೆಯುವಲ್ಲಿ. ಅತ್ತೆಗೆ ಥಟ್ಟನೆ ಎಚ್ಚರವಾಯಿತು.

“ಆ ಗಂಟು ಡಿಕ್ಕಿಯಲ್ಲೇ ಇದೆಯಲ್ಲವೇನೋ? ಒಣಗಿಸಿದರೆ ನೋಟು ನಡೆಯುತ್ತವೆಯೇ?”